ಎಂಟು ನೋಡಿನ ಕ್ಲಸ್ಟರಿಗೆ ರೆಪ್ಲಿಕಾ 2, ರೆಪ್ಲಿಕಾ 3, ಇರೇಜರ್ ಕೋಡಿಂಗ್: ಯಾವುದು ಹಾಕಬೇಕು? ಕಲಬುರಗಿ ಕಡಿಯವರು ಹೇಳ್ರಿ

ಕ್ಲಸ್ಟರ್_ಕಲಬುರಗಿ

ಎಲ್ಲರಿಗೂ ಶರಣು. ಕಲಬುರಗಿಯ ಒಂದು ಕಾಲೇಜಿನ ಲ್ಯಾಬಿನಾಗ ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡೋ ಕಂಪ್ಯೂಟರುಗಳ ಗುಂಪು) ನೋಡ್ಕೋತೀನಿ. ಎಂಟು ನೋಡ್ (ಯಂತ್ರ) ಅವ, ಒಂದೊಂದರಾಗ 8 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್. ಒಟ್ಟು 256 ಟಿಬಿ. ಎರಡು ರ‍್ಯಾಕ್, ನಡುವ ಒಂದು 10 ಗಿಗಾಬಿಟ್ ಸ್ವಿಚ್. ಇಲ್ಲಿತನಕ ಡೇಟಾ ಎಲ್ಲಾ ಒಂದೇ ಎನ್‌ಎಫ್‌ಎಸ್ ಸರ್ವರಿನ ಮ್ಯಾಲ ಇತ್ತು. ಈಗ ಸೆಫ್ (ಡೇಟಾನ ಹಲವು ಯಂತ್ರದ ಡಿಸ್ಕಿಗೆ ಹಂಚಿಡೋ ತಂತ್ರಾಂಶ) ಹಾಕೋದು ಅಂತ ಠರಾವಾಗ್ಯದ.

ಡೇಟಾ ನಾಲ್ಕು ನಮೂನಿ ಅದ. ತೊಗರಿ ಹೊಲದ ಫೋಟೋ ಸುಮಾರು 20 ಟಿಬಿ. ನೆಟೆ ರೋಗ, ಗೊಡ್ಡು ರೋಗ ಗುರುತಿಸೋ ಮಾಡೆಲ್ ಸಲುವಾಗಿ ಡ್ರೋನು, ಫೋನು ಎರಡರಿಂದನೂ ತಗದದ್ದು. ಅದರಿಂದ ತಯಾರಾಗೋ ನಡುವಿನ ಫೈಲು, ಟ್ರೇನಿಂಗ್ ಚೆಕ್‌ಪಾಯಿಂಟು, ಸ್ಕ್ರ್ಯಾಚ್ (ತಾತ್ಕಾಲಿಕ ಫೈಲು) ಎಲ್ಲಾ ಸೇರಿ 60 ಟಿಬಿ ತನಕ ಹೋಗ್ತದ. ವಿದ್ಯಾರ್ಥಿಗಳ ಹೋಮ್ ಡೈರೆಕ್ಟರಿ 6 ಟಿಬಿ, ಎಲ್ಲಾ ಸಣ್ಣ ಸಣ್ಣ ಫೈಲು. ಕಡೀಕ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, 300 ಜಿಬಿ. ಯಾವ ಫೋಟೋ ಯಾವ ಹೊಲದ್ದು, ತಳಿ ಟಿಎಸ್3ಆರ್ ಏನು ಜಿಆರ್‌ಜಿ 811 ಏನು, ಯಾವಾಗ ಬಿತ್ತಿದ್ದು, ಇದೆಲ್ಲ ಅದರಾಗೇ ಅದ.

ರೆಪ್ಲಿಕಾ 3, ಅಂದ್ರ ಒಂದೊಂದಕ್ಕ ಮೂರು ಪ್ರತಿ, ಹಾಕಿದ್ರ 256ರೊಳಗ ಕೈಗೆ ಸಿಗೋದು 85 ಟಿಬಿ. ನನ್ನ ಡೇಟಾನೇ 86. ಈ ವರ್ಷ ಹೊಸ ಡಿಸ್ಕಿಗೆ ರೊಕ್ಕ ಇಲ್ಲ ಅಂದಾರ. ರೆಪ್ಲಿಕಾ 2 ಸಾಕು ಅಂತ ವಿಭಾಗದೊಳಗ ಒಬ್ಬರು, ಇರೇಜರ್ ಕೋಡಿಂಗ್ ಮಾಡು ಅಂತ ಮತ್ತೊಬ್ಬರು. ಬೀದರಿನಾಗ ನಮಗ ಪರಿಚಯದ ಒಂದು ಲ್ಯಾಬ್ ಅದ, ಅಲ್ಲೊಂದು ಪ್ರತಿ ಇಡೋ ಅವಕಾಶನೂ ಅದ. ಹ್ಯಾಂಗ ಮಾಡೋದು?

ಯಾದಗಿರಿ_ಬೆಟ್ಟ

ನಾನು ಯಾದಗಿರಿಯವನು, ಈಗ ಹೈದರಾಬಾದಿನಲ್ಲಿ ಹಡೂಪ್ (ದೊಡ್ಡ ಡೇಟಾವನ್ನು ಹಲವು ಯಂತ್ರಗಳಲ್ಲಿ ಇಟ್ಟು ಸಂಸ್ಕರಿಸುವ ತಂತ್ರಾಂಶ) ಕ್ಲಸ್ಟರ್‌ಗಳ ಕೆಲಸ. ಮೂರು ಪ್ರತಿ ಎಂಬ ರೂಢಿ ಎಲ್ಲಿಂದ ಬಂತು ಎಂದು ಹೇಳಿಬಿಡುತ್ತೇನೆ, ಆಗ ಅದನ್ನು ಯಾವಾಗ ಬಿಡಬಹುದು ಎಂದೂ ತಿಳಿಯುತ್ತದೆ.

ಗೂಗಲ್ ತನ್ನ ಫೈಲ್ ಸಿಸ್ಟಮ್ ಬಗ್ಗೆ 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲೇ ಪ್ರತಿ ತುಣುಕಿಗೆ ಮೂರು ಪ್ರತಿ ಎಂದಿತ್ತು. ಹಡೂಪಿನ ಫೈಲ್ ಸಿಸ್ಟಮ್ ಆದ ಎಚ್‌ಡಿಎಫ್‌ಎಸ್ ಅದೇ ದಾರಿ ಹಿಡಿಯಿತು. ಅಲ್ಲಿ ಫೈಲನ್ನು 128 ಎಂಬಿ ಬ್ಲಾಕ್‌ಗಳಾಗಿ ಕತ್ತರಿಸಿ, ಮೊದಲ ಪ್ರತಿಯನ್ನು ಬರೆಯುತ್ತಿರುವ ನೋಡಿನಲ್ಲೇ, ಎರಡನೆಯದನ್ನು ಬೇರೆ ರ‍್ಯಾಕಿನಲ್ಲಿ, ಮೂರನೆಯದನ್ನು ಆ ಎರಡನೇ ರ‍್ಯಾಕಿನ ಇನ್ನೊಂದು ನೋಡಿನಲ್ಲಿ ಇಡುತ್ತದೆ. ಒಂದು ರ‍್ಯಾಕ್ ಪೂರ್ತಿ ಹೋದರೂ ಡೇಟಾ ಉಳಿಯಬೇಕು, ಆದರೆ ಬರೆಯುವಾಗ ರ‍್ಯಾಕ್‌ಗಳ ನಡುವಿನ ತಂತಿಯಲ್ಲಿ ಎರಡೆರಡು ಸಲ ಹೊರೆ ಬೀಳಬಾರದು, ಅದಕ್ಕೆ ಈ ವ್ಯವಸ್ಥೆ. ಬೆಲೆ ಮಾತ್ರ ಮೂರು ಪಟ್ಟು ಜಾಗ.

2017ರ ಡಿಸೆಂಬರಿನಲ್ಲಿ ಹಡೂಪ್ 3.0 ಬಂದಾಗ ಇರೇಜರ್ ಕೋಡಿಂಗ್ ಸೇರಿತು. ಡೇಟಾವನ್ನು ಆರು ತುಣುಕು ಮಾಡಿ, ಲೆಕ್ಕ ಹಾಕಿ ಇನ್ನೂ ಮೂರು ಪ್ಯಾರಿಟಿ ತುಣುಕು ಸೇರಿಸುತ್ತಾರೆ. ಒಂಬತ್ತರಲ್ಲಿ ಯಾವ ಮೂರು ಹೋದರೂ ಉಳಿದ ಆರರಿಂದ ಪೂರ್ತಿ ಡೇಟಾ ಮರಳಿ ಬರುತ್ತದೆ. ಜಾಗ ಒಂದೂವರೆ ಪಟ್ಟು ಸಾಕು. ಆದರೆ 6+3ಕ್ಕೆ ಒಂಬತ್ತು ಯಂತ್ರ ಬೇಕು, ನಿಮ್ಮಲ್ಲಿ ಎಂಟೇ. ಸೆಫ್‌ನಲ್ಲಿ 4+2 ಹಾಕಿ. ಆರು ನೋಡ್ ಸಾಕು, ಎರಡು ಹೆಚ್ಚುವರಿ ಇರುತ್ತವೆ. 256ರಲ್ಲಿ 170 ಟಿಬಿ ಕೈಗೆ ಬರುತ್ತದೆ, ಯಾವ ಎರಡು ನೋಡ್ ಹೋದರೂ ಡೇಟಾಕ್ಕೆ ಧಕ್ಕೆ ಇಲ್ಲ. ಡೇಟಾಬೇಸ್ ಬಿಟ್ಟು ಎಲ್ಲಕ್ಕೂ ಇದೇ ಹಾಕಿ ಎಂದು ನನ್ನ ಸಲಹೆ.

ಭೀಮಾ_ದಂಡಿ

ಯಾದಗಿರಿ ಸರ್ ಲೆಕ್ಕ ಸರಿ ಅದ. ಆದ್ರ ಎಷ್ಟು ಪ್ರತಿ ಅನ್ನೋಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬ್ಯಾರೆ ಅದ ಅಂತ ನನ್ನ ಗಟ್ಟಿ ನಂಬಿಕಿ: ನಿಮ್ಮ ಕಡಿ ಏನೇನು ಒಟ್ಟಿಗೇ ಕೆಡ್ತದ?

ಎರಡು ನೋಡ್ ಹೋದ್ರೂ ನಡೀತದ, ಮೂರು ಹೋದ್ರೂ ನಡೀತದ ಅನ್ನೋ ಲೆಕ್ಕ ಎಲ್ಲಾ ಒಂದೊಂದು ಡಿಸ್ಕು ತನ್ನ ಪಾಡಿಗೆ ತಾನು ಕೆಡ್ತದ ಅನ್ನೋ ಊಹೆ ಮ್ಯಾಲ ನಿಂತದ. ತಂಪನ್ನ ಡೇಟಾ ಸೆಂಟರಿನಾಗ, ಎರಡು ದಿಕ್ಕಿನಿಂದ ಕರೆಂಟ್ ಬರೋ ಕಡಿ ಆ ಊಹೆ ಬಹುತೇಕ ಸರಿ. ನಮ್ಮ ಕಡಿ ಮೇ ತಿಂಗಳಾಗ 43, 44 ಡಿಗ್ರಿ ಬಿಸಿಲಿರುವಾಗ ಕರೆಂಟ್ ಹೋಗ್ತದ, ಎಸಿ ನಿಲ್ತದ, ಎಂಟೂ ನೋಡು ಒಂದೇ ಹೊತ್ತಿಗೆ ಕಾಯ್ತಾವ, ಒಂದೇ ಹೊತ್ತಿಗೆ ಆರ್ತಾವ, ಒಂದೇ ಹೊತ್ತಿಗೆ ಮತ್ತ ಹತ್ತುತಾವ. ಹತ್ತುವಾಗ ಹಳೇ ಡಿಸ್ಕಿನಾಗ ಒಂದೆರಡು ಏಳೋದೇ ಇಲ್ಲ.

ಇದನ್ನ ಸ್ಟ್ಯಾನ್‌ಫರ್ಡಿನವರು 2013ರಾಗ ಕಾಪಿಸೆಟ್ ಅನ್ನೋ ಸಂಶೋಧನೆಯೊಳಗ ಲೆಕ್ಕ ಮಾಡಿ ತೋರಿಸ್ಯಾರ. ಇಡೀ ಕ್ಲಸ್ಟರಿನ ಕರೆಂಟ್ ಹೋಗಿ ಬಂದಾಗ ನೂರಕ್ಕೆ ಅರ್ಧದಿಂದ ಒಂದು ನೋಡು ವಾಪಸ್ ಬರಂಗಿಲ್ಲ ಅಂತ ಇಟ್ಕೊಂಡ್ರ, ಮೂರು ಪ್ರತಿ ಎಲ್ಲೆಲ್ಲೋ ಚೆಲ್ಲಾಪಿಲ್ಲಿ ಇಟ್ಟ ದೊಡ್ಡ ಕ್ಲಸ್ಟರಿನಾಗ ಯಾವುದೋ ಒಂದು ತುಣುಕಿನ ಮೂರೂ ಪ್ರತಿ ಕಳಕೊಳ್ಳೋದು ಬಹುತೇಕ ಖಾತ್ರಿ. 5,000 ನೋಡಿನ ಒಂದು ಲೆಕ್ಕದಾಗ ಆ ಸಂಭವ 99.99 ಪರ್ಸೆಂಟ್ ಇತ್ತು. ಪ್ರತಿಗಳನ್ನ ಆಯ್ದ ಗುಂಪಿನೊಳಗೇ ಇಟ್ರ 0.15 ಪರ್ಸೆಂಟಿಗೆ ಇಳೀತು. ಪ್ರತಿಗಳ ಸಂಖ್ಯಾ ಅದೇ ಮೂರು. ಬದಲಾದದ್ದು ಅವು ಕುಂತ ಜಾಗ ಮಾತ್ರ.

ಕ್ಲಸ್ಟರ್ ಅಣ್ಣಾರ, ನಿಮ್ಮಲ್ಲಿ ಯುಪಿಎಸ್ ಎಷ್ಟವ? ಯಾವ ರ‍್ಯಾಕ್ ಯಾವುದರ ಮ್ಯಾಲ ಅದ? ಅದು ಗೊತ್ತಾಗದ ಹೊರತು ನಾನು ಸಂಖ್ಯಾ ಹೇಳಂಗಿಲ್ಲ.

ಕ್ಲಸ್ಟರ್_ಕಲಬುರಗಿ

ಲ್ಯಾಬಿನಾಗ ಒಂದೇ ಯುಪಿಎಸ್ ಸರ, ಎರಡೂ ರ‍್ಯಾಕ್ ಅದರ ಮ್ಯಾಲೇ. ಹದಿನೈದು ನಿಮಿಷ ತಡೀತದ. ಕಟ್ಟಡಕ್ಕ ಜನರೇಟರ್ ಅದ, ಆದ್ರ ಎಸಿ ಅದರ ಮ್ಯಾಲ ಇಲ್ಲ. ಬಾಜೂ ಖೋಲಿಯೊಳಗ ಆಫೀಸಿನ ಯುಪಿಎಸ್ ಒಂದು ಬ್ಯಾರೆ ಅದ, ಅದರ ಮ್ಯಾಲ ಲೋಡ್ ಕಮ್ಮಿ.

ಶಹಾಬಾದ_ಕಲ್ಲು

ನನ್ನ ಕೆಲಸ ಹಾರ್ಡ್‌ವೇರ್ ಮತ್ತ ಪವರ್. ರೆಪ್ಲಿಕೇಶನ್ ವಿಚಾರ ಅವರು ಹೇಳ್ಲಿ, ನಾನು ಕೆಳಗಿನ ಪದರಿನದು ಹೇಳ್ತೀನಿ.

ಹದಿನೈದು ನಿಮಿಷದ ಯುಪಿಎಸ್ ಕೆಲಸ ಮುಂದುವರಿಸಲಿಕ್ಕ ಅಲ್ಲ, ಸರಿಯಾಗಿ ಆರಿಸಲಿಕ್ಕ. ಯುಪಿಎಸ್ಸಿನ ಯುಎಸ್‌ಬಿ ಅಥವಾ ನೆಟ್‌ವರ್ಕ್ ತಂತಿ ಒಂದು ನೋಡಿಗೆ ಹಚ್ಚಿ, ನಟ್ ಅನ್ನೋ ಮುಕ್ತ ತಂತ್ರಾಂಶ ಹಾಕ್ರಿ. ಬ್ಯಾಟರಿ ಇಷ್ಟಕ್ಕ ಇಳೀತು ಅಂದಕೂಡ್ಲೆ ಎಲ್ಲಾ ನೋಡಿಗೂ ಸಂದೇಶ ಹೋಗಿ ಅವು ತಾವೇ ಆರ್ತಾವ. ಅರ್ಧ ಬರದ ಸ್ಥಿತಿಯೊಳಗ ಕರೆಂಟ್ ಹೋಗೋದಕ್ಕೂ, ಬರದು ಮುಗಿಸಿ ಆರೋದಕ್ಕೂ ಭೂಮಿ ಆಕಾಶದ ಫರಕ್ ಅದ.

ಇನ್ನೊಂದು ಎಸ್‌ಎಸ್‌ಡಿ ವಿಷಯ. ಸೆಫ್‌ನ ಜರ್ನಲ್ (ಬರಹ ಮೊದಲು ದಾಖಲಾಗೋ ಲಾಗ್) ಸಲುವಾಗಿ, ಡೇಟಾಬೇಸ್ ಸಲುವಾಗಿ ಎಸ್‌ಎಸ್‌ಡಿ ತಗೊಂಡ್ರ ಪವರ್ ಲಾಸ್ ಪ್ರೊಟೆಕ್ಷನ್ ಇದ್ದದ್ದೇ ತಗೋರಿ. ಅಂಥಾದ್ರೊಳಗ ಸಣ್ಣ ಕೆಪ್ಯಾಸಿಟರ್ ಇರ್ತಾವ. ಕರೆಂಟ್ ಹೋದ್ರೂ ಕ್ಯಾಶಿನೊಳಗಿದ್ದದ್ದು ಬರದು ಮುಗಿಸೋ ಅಷ್ಟು ಶಕ್ತಿ ಹಿಡದಿಟ್ಟಿರ್ತಾವ. ಲ್ಯಾಪ್‌ಟಾಪಿನ ಅಗ್ಗದ ಎಸ್‌ಎಸ್‌ಡಿಯೊಳಗ ಅದು ಇರಂಗಿಲ್ಲ. ಅವುಗಳೊಳಗ ಕೆಲವು ಬರಿಯೋ ಮೊದಲೇ "ಬರದೆ" ಅಂತ ಹೇಳಿಬಿಡ್ತಾವ. ಮೂರು ನೋಡಿನಾಗೂ ಅದೇ ಎಸ್‌ಎಸ್‌ಡಿ ಇದ್ದು, ಮೂರೂ ಒಂದೇ ಕ್ಷಣಕ್ಕ ಆರಿದ್ರ, ಮೂರೂ ಪ್ರತಿಯೊಳಗ ಅದೇ ಕಡೀ ಸಾಲು ಮಾಯ.

ಡಿಸ್ಕು ಕೆಡೋ ಮೊದಲು ಸ್ಮಾರ್ಟ್ (ಡಿಸ್ಕು ತನ್ನ ಆರೋಗ್ಯ ತಾನೇ ಅಳಿಯೋ ವ್ಯವಸ್ಥಾ) ರೀಡಿಂಗ್ ಎಚ್ಚರ ಕೊಡ್ತದ ಅಂತ ಪೂರ್ತಿ ನಂಬಬ್ಯಾಡ್ರಿ. ಗೂಗಲ್ 2007ರಾಗ ತನ್ನ ಡಿಸ್ಕುಗಳ ಅಧ್ಯಯನ ಪ್ರಕಟ ಮಾಡಿದಾಗ, ಕೆಟ್ಟ ಡಿಸ್ಕಿನೊಳಗ 36 ಪರ್ಸೆಂಟಿಗಿಂತ ಹೆಚ್ಚು ಯಾವ ಎಣಿಕಿಯೊಳಗೂ ಸುಳಿವು ಕೊಟ್ಟಿರಲಿಲ್ಲ.

ಮತ್ತ ಮೂವತ್ತೆರಡೂ ಡಿಸ್ಕು ಒಂದೇ ಪೆಟ್ಟಿಗಿಯೊಳಗಿನಿಂದ ಬಂದಿದ್ರ, ಒಂದೇ ಬ್ಯಾಚಿನವು ಒಂದೇ ಕಾಲಕ್ಕ ಮುದಿ ಆಗ್ತಾವ. ಎರಡು ರ‍್ಯಾಕಿನ ನಡುವ ಬ್ಯಾಚ್ ಬೆರಸಿ ಹಂಚ್ರಿ.

ಭೀಮಾ_ದಂಡಿ

ಶಹಾಬಾದ ಅಣ್ಣಾರು ಹೇಳಿದ್ದು ಬಂಗಾರದಂಥ ಮಾತು. ಈಗ ಕ್ಲಸ್ಟರ್ ಅಣ್ಣಾರಿಗೆ: ಮೊದಲ ಕೆಲಸ ಡಿಸ್ಕು ಅಲ್ಲ, ಒಂದು ವೈರು. ಎರಡನೇ ರ‍್ಯಾಕನ್ನ ಆಫೀಸಿನ ಯುಪಿಎಸ್ ಮ್ಯಾಲ ಹಾಕಸ್ರಿ. ಖರ್ಚು ಎಲೆಕ್ಟ್ರಿಷಿಯನ್ನಿನ ಒಂದು ದಿನದ ಕೂಲಿ. ಅಲ್ಲಿತನಕ ಎರಡು ರ‍್ಯಾಕ್ ಅನ್ನೋದು ಬರೇ ಕಬ್ಬಿಣದ ಎರಡು ಚೌಕಟ್ಟು, ಕೆಡೋ ವಿಷಯದಾಗ ಅವು ಎರಡಲ್ಲ, ಒಂದೇ.

ಅದಾದ ಮ್ಯಾಲ ಸೆಫ್‌ನ ಕ್ರಶ್ ನಕಾಶೆಯೊಳಗ (ಯಾವ ತುಣುಕು ಎಲ್ಲಿಡಬೇಕು ಅಂತ ಸೆಫ್ ನೋಡೋ ಪಟ್ಟಿ) ರ‍್ಯಾಕುಗಳನ್ನ ಬರೀರಿ. ಭಾಳ ಮಂದಿ ನೋಡುಗಳನ್ನೆಲ್ಲ ನೇರ ನಕಾಶೆಯ ಬೇರಿಗೆ (ರೂಟ್) ಕಟ್ಟಿ ಬಿಟ್ಟುಬಿಡ್ತಾರ. ಆಗ ಸೆಫ್‌ಗೆ ಯಾವುದು ಯಾವುದರ ಜೋಡಿ ಕೆಡ್ತದ ಅಂತ ಗೊತ್ತಾಗೋದೇ ಇಲ್ಲ. ಇದಕ್ಕ ಇನ್ನೊಂದು ಪರಿಣಾಮನೂ ಅದ. ಒಂದು ನೋಡು ಕಣ್ಮರಿಯಾಗಿ 600 ಸೆಕೆಂಡ್ ಆದ್ರ ಸೆಫ್ ಅದನ್ನ ಹೊರಗ ಹಾಕಿ, ಅದರಾಗಿದ್ದ ಡೇಟಾನ ಬ್ಯಾರೆ ಕಡಿ ಮತ್ತ ಕಟ್ಟಲಿಕ್ಕ ಶುರು ಮಾಡ್ತದ. ಇಡೀ ರ‍್ಯಾಕ್ ಒಮ್ಮೆಲೆ ಹೋದ್ರ ಮಾತ್ರ ಹಂಗ ಮಾಡಬಾರದು ಅಂತ ಅದರ ಮೂಲ ಸೆಟ್ಟಿಂಗ್ ಅದ. ನಕಾಶೆಯೊಳಗ ರ‍್ಯಾಕೇ ಇಲ್ಲಂದ್ರ ಆ ರಕ್ಷಣಾ ಕೆಲಸ ಮಾಡಂಗಿಲ್ಲ. ಇಪ್ಪತ್ತು ನಿಮಿಷ ಕರೆಂಟ್ ಹೋದದ್ದಕ್ಕ ಉಳಿದ ನಾಲ್ಕು ನೋಡು ಟಿಬಿಗಟ್ಟಲೆ ಡೇಟಾ ಎಳದಾಡಿ, ಸುಡೋ ಖೋಲಿಯೊಳಗ ಇನ್ನಷ್ಟು ಕಾಯ್ತಾವ.

ಯಾದಗಿರಿ ಸರ್ ಹೇಳಿದ 4+2 ಎಲ್ಲದಕ್ಕೂ ಬ್ಯಾಡ ಅಂತೀನಿ, ಕಾರಣ ಇದು. ಎರಡು ರ‍್ಯಾಕಿಗೆ ಆರು ತುಣುಕು ಹಂಚಿದ್ರ ಮೂರು ಮೂರು ಬೀಳ್ತಾವ. 4+2 ತಡಕೊಳ್ಳೋದು ಎರಡು ಹೋದ್ರ ಮಾತ್ರ. ಒಂದು ರ‍್ಯಾಕಿಗೆ ಬೆಂಕಿ ಬಿತ್ತು, ಮ್ಯಾಲಿಂದ ನೀರು ಸೋರ್ತು ಅಂದ್ರ ಮೂರು ತುಣುಕು ಹೋದ್ವು, ಡೇಟಾ ಮುಗೀತು.

ಫೋಟೋಗಳಿಗೆ 2+2 ಹಾಕ್ರಿ. ಎರಡು ಡೇಟಾ ತುಣುಕು, ಎರಡು ಪ್ಯಾರಿಟಿ, ರ‍್ಯಾಕಿಗೆ ಎರಡೆರಡು, ಎರಡೂ ಬ್ಯಾರೆ ಬ್ಯಾರೆ ನೋಡಿನಾಗ. ಕ್ರಶ್ ನಿಯಮದಾಗ ಮೊದಲು ಎರಡು ರ‍್ಯಾಕ್ ಆರಿಸು, ಆಮ್ಯಾಲ ಒಂದೊಂದರಾಗ ಎರಡು ನೋಡು ಆರಿಸು ಅಂತ ಎರಡು ಸಾಲು ಬರದ್ರ ಆಯ್ತು. ಜಾಗ ರೆಪ್ಲಿಕಾ 2ರಷ್ಟೇ, ಎರಡು ಪಟ್ಟು. ಆದ್ರ ರೆಪ್ಲಿಕಾ 2ರಾಗ ಒಂದೇ ನೋಡು ಹೋಗಬಹುದು, ಇಲ್ಲಿ ಯಾವ ಎರಡು ಹೋದ್ರೂ, ಇಡೀ ಒಂದು ರ‍್ಯಾಕ್ ಹೋದ್ರೂ ಡೇಟಾ ಉಳೀತದ. ರ‍್ಯಾಕ್ ಹೋದಾಗ ಓದು ಬರಹ ನಿಂತಿರ್ತದ, ಯಾಕಂದ್ರ ಸೆಫ್ ಕನಿಷ್ಠ ಮೂರು ತುಣುಕು ಕೇಳ್ತದ. ನಿಲ್ಲಲಿ. ಕರೆಂಟ್ ಬಂದ ಮ್ಯಾಲ ಮಾಡೆಲ್ ಟ್ರೇನಿಂಗ್ ಮತ್ತ ಶುರುವಾಗ್ತದ.

ಇಲ್ಲಿ ಲಭ್ಯತಾ ಮತ್ತ ಸುರಕ್ಷತಾ ಎರಡನ್ನೂ ಬ್ಯಾರೆ ಬ್ಯಾರೆ ತೂಕ ಮಾಡಬೇಕು. ಬ್ಯಾಂಕಿನ ಸರ್ವರಿಗೆ ಹತ್ತು ನಿಮಿಷ ನಿಂತ್ರ ನಡಿಯಂಗಿಲ್ಲ. ನಿಮ್ಮ ಲ್ಯಾಬಿಗೆ ಒಂದು ಮಧ್ಯಾಹ್ನ ನಿಂತ್ರೂ ನಡೀತದ, ಆದ್ರ 2022ರ ಹಂಗಾಮಿನಾಗ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿದ್ದಾಗ ತಗದ ಒಂದು ಫೋಟೋ ಹೋದ್ರ ಅದನ್ನ ಯಾವ ದುಡ್ಡು ಕೊಟ್ರೂ ತಿರುಗಿ ತಗಿಲಿಕ್ಕ ಆಗಂಗಿಲ್ಲ. ಆ ಹೊಲ ಈಗ ಹಂಗಿಲ್ಲ, ಆ ಗಿಡ ಇಲ್ಲ.

ಯಾದಗಿರಿ_ಬೆಟ್ಟ

ಎರಡೇ ರ‍್ಯಾಕ್ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಭೀಮಾ ಅವರ 2+2 ಒಪ್ಪುತ್ತೇನೆ. ಸ್ಕ್ರ್ಯಾಚ್‌ಗೆ ಮಾತ್ರ 4+2 ಇರಲಿ, ಅದು ಹೋದರೆ ಫೋಟೋಗಳಿಂದ ಮತ್ತೆ ತಯಾರಿಸಬಹುದು. ಒಟ್ಟು ಲೆಕ್ಕ ಹೀಗಾಗುತ್ತದೆ: ಫೋಟೋ 20ಕ್ಕೆ 40, ಸ್ಕ್ರ್ಯಾಚ್ 60ಕ್ಕೆ 90, ಹೋಮ್ 6ಕ್ಕೆ ರೆಪ್ಲಿಕಾ 3ರಲ್ಲಿ 18. ಕೂಡಿ 148 ಟಿಬಿ. ಸೆಫ್ 85 ಪರ್ಸೆಂಟ್ ತುಂಬಿದ ಕೂಡಲೇ ಎಚ್ಚರಿಕೆ ಕೊಡುತ್ತದೆ, 95ಕ್ಕೆ ಬರೆಯುವುದನ್ನೇ ನಿಲ್ಲಿಸುತ್ತದೆ. ಒಂದು ನೋಡ್ ಕೆಟ್ಟರೆ ಉಳಿಯುವ 224 ಟಿಬಿಯ 85 ಪರ್ಸೆಂಟ್ ಅಂದರೆ 190. ನೀವು ಅದರೊಳಗೇ ಇರುತ್ತೀರಿ, ಬೆಳೆಯಲೂ ಜಾಗ ಇದೆ. ಹೊಸ ಡಿಸ್ಕ್ ಇಲ್ಲದೆಯೇ.

ರೆಪ್ಲಿಕಾ 2 ಸಾಕು ಎಂದವರಿಗೆ ಇದನ್ನು ತೋರಿಸಿ: ಎರಡು ಪ್ರತಿ ಇದ್ದು, ಒಂದೇ ಪ್ರತಿ ಇದ್ದರೂ ಬರೆಯಲು ಬಿಟ್ಟಿದ್ದೀರಿ ಎಂದುಕೊಳ್ಳಿ. ಅ ನೋಡ್ ಆರಿತು, ಬ ನೋಡ್ ಒಂದೇ ಹೊಸ ಡೇಟಾ ಬರೆದುಕೊಂಡಿತು, ಆಮೇಲೆ ಬ ಕೆಟ್ಟಿತು, ಅ ಎದ್ದಿತು. ಅ ಹತ್ತಿರ ಇರುವುದು ಹಳೆಯದು. ಒಂದೇ ಪ್ರತಿ ಇದ್ದಾಗ ಬರೆಯಬೇಡ ಎಂದು ಕಟ್ಟು ಹಾಕಿದರೆ, ಒಂದೊಂದು ನೋಡ್ ರಿಪೇರಿಗೆ ಆರಿಸಿದಾಗಲೂ ಕೆಲಸ ನಿಲ್ಲುತ್ತದೆ. ಮೂರು ಪ್ರತಿ, ಕನಿಷ್ಠ ಎರಡು ಎಂಬ ಸೆಫ್‌ನ ಮೂಲ ಸೆಟ್ಟಿಂಗ್ ಇದಕ್ಕೇ ಬಂದದ್ದು. ಮರುಕಟ್ಟುವ ಸಮಯವನ್ನೂ ನೋಡಿ. 8 ಟಿಬಿ ಡಿಸ್ಕನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ತುಂಬಲು ಸುಮಾರು 22 ಗಂಟೆ. ಸೆಫ್ ಹಲವು ಡಿಸ್ಕಿಗೆ ಹಂಚಿ ಕಟ್ಟುವುದರಿಂದ ಅಷ್ಟು ಹಿಡಿಯದು ನಿಜ, ಆದರೂ ಆ ಹೊತ್ತಿನಲ್ಲಿ ರೆಪ್ಲಿಕಾ 2ರ ಡೇಟಾ ಒಂಟಿ ಕಾಲಿನ ಮೇಲೆ ನಿಂತಿರುತ್ತದೆ.

ಆಳಂದ_ಓದು

ನಮಸ್ಕಾರ. ನಾನು ಇಂಥದ್ದೇ ಚಿತ್ರಗಳ ಮೇಲೆ ಸಂಶೋಧನೆ ಮಾಡುವವಳು, ಬಳಸುವವರ ಕಡೆಯಿಂದ ಒಂದು ಪ್ರಶ್ನೆ. ನಾವು ದೊಡ್ಡ ಡ್ರೋನ್ ಚಿತ್ರವನ್ನು ಕತ್ತರಿಸಿ 256 ಪಿಕ್ಸೆಲ್‌ನ ಲಕ್ಷಾಂತರ ಚೂರು ಮಾಡುತ್ತೇವೆ. ಒಂದೊಂದು ಫೈಲ್ ಕೆಲವೇ ಕೆಬಿ. ಇರೇಜರ್ ಕೋಡಿಂಗ್‌ನಲ್ಲಿ ಅವು ನಿಧಾನ ಆಗುತ್ತವೆಯೇ? ಟ್ರೇನಿಂಗ್ ವೇಳೆ ಜಿಪಿಯು ಖಾಲಿ ಕೂರುವುದು ನಮಗೆ ದೊಡ್ಡ ತೊಂದರೆ.

ಭೀಮಾ_ದಂಡಿ

ಅಕ್ಕಾರ, ನಿಧಾನ ಅಷ್ಟೇ ಅಲ್ಲ, ಜಾಗನೂ ಹೆಚ್ಚು ತಿಂತಾವ. ಸೆಫ್‌ನ ಸಾಮಾನ್ಯ ಸೆಟ್ಟಿಂಗಿನಾಗ ಒಂದೊಂದು ತುಣುಕು ಕನಿಷ್ಠ 4 ಕೆಬಿ ಹಿಡೀತದ. 4 ಕೆಬಿ ಫೈಲನ್ನ 4+2ರಾಗ ಇಟ್ರ ಆರು ತುಣುಕು, 24 ಕೆಬಿ. ಅದೇ ರೆಪ್ಲಿಕಾ 3ರಾಗ 12 ಕೆಬಿ. ಉಳಿಸಲಿಕ್ಕ ಹೋಗಿ ಎರಡು ಪಟ್ಟು ಖರ್ಚು. ಓದೋವಾಗನೂ ಒಂದು ಸಣ್ಣ ಚಿತ್ರಕ್ಕ ನಾಲ್ಕು ನೋಡಿನ ಡಿಸ್ಕು ಮುಟ್ಟಬೇಕಾಗ್ತದ.

ದಾರಿ ಅದ. ಚೂರುಗಳನ್ನ ಸಾವಿರಾರು ಸೇರಿಸಿ ಒಂದೊಂದು ಟಾರ್ ಫೈಲ್ ಮಾಡ್ರಿ, ಕೆಲವು ನೂರು ಎಂಬಿಯದ್ದು. ಟ್ರೇನಿಂಗ್ ಪ್ರೋಗ್ರಾಂ ಅದನ್ನ ಸಾಲಾಗಿ ಓದ್ತದ, ಚಿತ್ರಗಳನ್ನ ಮೆಮೊರಿಯೊಳಗ ಕಲಸಿಕೊಳ್ತದ. ಹಾರ್ಡ್ ಡಿಸ್ಕಿಗೆ ಸಾಲಾಗಿ ಓದೋದೇ ಬಲ.

ಕ್ಲಸ್ಟರ್ ಅಣ್ಣಾರ, ಒಂದೇ ಫೈಲ್ ಸಿಸ್ಟಮ್ಮಿನಾಗ ಇದೆಲ್ಲ ಮಾಡಬಹುದು. ಸೆಫ್‌ಎಫ್‌ಎಸ್‌ನಾಗ ಫೋಲ್ಡರಿಗೆ ಒಂದೊಂದು ಪೂಲ್ (ತನ್ನದೇ ಪ್ರತಿ ನಿಯಮ ಇರೋ ಡೇಟಾ ಗುಂಪು) ಹಚ್ಚೋ ಸೌಲಭ್ಯ ಅದ. ಮೆಟಾಡೇಟಾ (ಫೈಲಿನ ಹೆಸರು, ಜಾಗದ ಮಾಹಿತಿ) ಪೂಲ್ ರೆಪ್ಲಿಕಾ 3 ಇರಲೇಬೇಕು. ಮೊದಲ ಡೇಟಾ ಪೂಲನ್ನೂ ರೆಪ್ಲಿಕಾ 3 ಇಡ್ರಿ, ಹೋಮ್ ಡೈರೆಕ್ಟರಿ ಅದರಾಗ ಹೋಗ್ಲಿ. ಆಮ್ಯಾಲ ಫೋಟೋ ಫೋಲ್ಡರಿಗೆ 2+2 ಪೂಲು, ಸ್ಕ್ರ್ಯಾಚ್ ಫೋಲ್ಡರಿಗೆ 4+2 ಪೂಲು ಹಚ್ರಿ. ಇರೇಜರ್ ಪೂಲಿನಾಗ ತಿದ್ದಿ ಬರಿಯೋ ಅನುಮತಿ ಬ್ಯಾರೆ ಕೊಡಬೇಕಾಗ್ತದ, ಮರೀಬ್ಯಾಡ್ರಿ. ಫೋಲ್ಡರಿನ ಪೂಲ್ ಬದಲಿಸಿದ್ರ ಹಳೇ ಫೈಲು ತಾವಾಗೇ ಸರಿಯಂಗಿಲ್ಲ, ಹೊಸವು ಮಾತ್ರ ಹೋಗ್ತಾವ. ಅದಕ್ಕ ಡೇಟಾ ಹಾಕೋ ಮೊದಲೇ ಇದನ್ನ ಮುಗಸ್ರಿ.

ತೊಗರಿ_ತಕ್ಕಡಿ

ನಾನು ಕಂಪ್ಯೂಟರ್ ಓದಿದಾವ ಅಲ್ಲ, ಗಂಜ್ ಕಡಿ ಒಂದು ದಾಲ್ ಮಿಲ್ಲಿನ ಲೆಕ್ಕ ನೋಡ್ಕೋತೀನಿ. ನಮ್ಮಲ್ಲಿ ಎರಡು ಕಂಪ್ಯೂಟರ್ ಅವ, ಒಂದು ವೇ ಬ್ರಿಜ್ ಹತ್ರ, ಒಂದು ಆಫೀಸಿನಾಗ. ಎರಡರಾಗೂ ಮೈಎಸ್‌ಕ್ಯುಎಲ್ ಅದ, ಒಂದರಾಗ ಬರದ್ರ ಇನ್ನೊಂದಕ್ಕ ಹೋಗ್ತದ, ಎರಡೂ ಕಡಿಯಿಂದ ಬರೀತೀವಿ. ನಡುವ ವೈರ್ ಕಡದಾಗ ಎರಡೂ ಕಡಿ ಅದೇ ಪಾವತಿ ನಂಬರ್ ಬಿದ್ದು ಜಗಳ ಆಗ್ತದ. ನಿಮ್ಮ ಮಾತು ನಮಗೂ ಲಾಗೂ ಆಗ್ತದೇನ್ರಿ?

ಯಾದಗಿರಿ_ಬೆಟ್ಟ

ಪೂರ್ತಿ ಆಗುತ್ತದೆ. ದೊಡ್ಡ ಕಂಪನಿಗಳೂ ಇದರಲ್ಲೇ ಸಿಕ್ಕಿಬಿದ್ದಿವೆ. 2018ರ ಅಕ್ಟೋಬರ್ 21ರಂದು ಕೋಡ್ ಇಡುವ ತಾಣ ಗಿಟ್‌ಹಬ್‌ನ ಅಮೆರಿಕ ಪೂರ್ವ ಕರಾವಳಿಯ ಕೇಂದ್ರದ ಜಾಲ ಸಂಪರ್ಕ 43 ಸೆಕೆಂಡ್ ತುಂಡಾಯಿತು. ಅಷ್ಟರಲ್ಲಿ ಅವರ ಸ್ವಯಂಚಾಲಿತ ವ್ಯವಸ್ಥೆ ಪಶ್ಚಿಮದ ಡೇಟಾಬೇಸನ್ನು ಮುಖ್ಯ ಮಾಡಿಬಿಟ್ಟಿತು. ಪೂರ್ವದಲ್ಲಿ ಬರೆದದ್ದರಲ್ಲಿ ಸ್ವಲ್ಪ ಪಶ್ಚಿಮಕ್ಕೆ ಹೋಗಿರಲಿಲ್ಲ, ಪಶ್ಚಿಮದಲ್ಲಿ ಹೊಸದು ಸೇರುತ್ತಾ ಹೋಯಿತು. ಎರಡನ್ನೂ ಸರಿ ಮಾಡಿ ಸೇವೆ ಪೂರ್ತಿ ಮರಳಲು 24 ಗಂಟೆ 11 ನಿಮಿಷ ಬೇಕಾಯಿತು.

ಎರಡೇ ಯಂತ್ರ ಇರುವಾಗ, ಎದುರಿನದು ಸತ್ತಿದೆಯೋ ನಡುವಿನ ವೈರ್ ಹೋಗಿದೆಯೋ ಎಂದು ಒಂದು ಯಂತ್ರಕ್ಕೆ ತಿಳಿಯಲು ದಾರಿಯೇ ಇಲ್ಲ. ಬಹುಮತ ಬೇಕಾದರೆ ಕನಿಷ್ಠ ಮೂರು ಬೇಕು. ಮೂರಿದ್ದರೆ ಒಂದು ಹೋಗಬಹುದು, ಐದಿದ್ದರೆ ಎರಡು. ನಾಲ್ಕಿದ್ದರೂ ಒಂದೇ ಹೋಗಬಹುದು, ಅದಕ್ಕೇ ಬೆಸ ಸಂಖ್ಯೆ ಇಡುವುದು.

ನಿಮಗೆ ಮೂರನೇ ಯಂತ್ರ ಬೇಡ. ವೇ ಬ್ರಿಜ್ ಹತ್ತಿರದ್ದೇ ಮುಖ್ಯ, ಬರೆಯುವುದು ಅಲ್ಲಿ ಮಾತ್ರ. ಆಫೀಸಿನದು ಓದಲಷ್ಟೇ ಇರಲಿ, ಅದರಲ್ಲಿ ಬರೆಯದ ಹಾಗೆ ಬೀಗ ಹಾಕಿಸಿ. ಮುಖ್ಯದ್ದು ಕೆಟ್ಟ ದಿನ ಒಬ್ಬ ಮನುಷ್ಯ ಕಣ್ಣಾರೆ ನೋಡಿ, ಅದನ್ನು ಆರಿಸಿ, ಆಮೇಲೆ ಇನ್ನೊಂದನ್ನು ಮುಖ್ಯ ಮಾಡಲಿ. ಸೆಮಿ ಸಿಂಕ್ (ಇನ್ನೊಂದು ಯಂತ್ರ ಪಡೆದೆ ಎಂದ ಮೇಲೆಯೇ ಬರಹ ಮುಗಿಸುವ ರೀತಿ) ಹಾಕಿದ್ದೇವೆ, ಏನೂ ಹೋಗದು ಎಂದು ಯಾರಾದರೂ ಹೇಳಿದರೆ ಒಂದು ವಿಷಯ ಕೇಳಿ: ಮೈಎಸ್‌ಕ್ಯುಎಲ್‌ನ ಸೆಮಿ ಸಿಂಕ್ ಮೂಲ ಸೆಟ್ಟಿಂಗ್‌ನಲ್ಲಿ 10 ಸೆಕೆಂಡ್ ಉತ್ತರಕ್ಕೆ ಕಾದು, ಬಾರದಿದ್ದರೆ ಸುಮ್ಮನೆ ಉತ್ತರಕ್ಕೆ ಕಾಯದ ಅಸಿಂಕ್‌ಗೆ ಇಳಿಯುತ್ತದೆ. ವೈರ್ ಕಡಿದ ಹೊತ್ತಿನಲ್ಲಿ ನಿಮ್ಮದು ಅಸಿಂಕ್ ಆಗಿರುತ್ತದೆ.

ತೊಗರಿ_ತಕ್ಕಡಿ

ಭಾಳ ಉಪಕಾರ ಆಯ್ತು ಸರ್. ಬರಿಯೋದು ಒಂದೇ ಕಡಿ ಅಂತ ಮಾಡಸ್ತೀನಿ.

ಬೀದರ_ಕೋಟೆ

ಬೀದರಿನ ಪ್ರತಿ ಬಗ್ಗೆ ನಾನು ಹೇಳ್ತೀನಿ. ಮೊದಲನೇ ಮಾತು, ಎರಡೂ ಊರು ಸೇರಿಸಿ ಒಂದೇ ಸೆಫ್ ಕ್ಲಸ್ಟರ್ ಮಾಡೋ ವಿಚಾರ ಬಿಡ್ರಿ. ಫೈಬರಿನಾಗ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗ್ತದ. ಬೀದರ ಕಲಬುರಗಿ ನಡುವ ಸುಮಾರು 110 ಕಿಲೋಮೀಟರ್, ಹೋಗಿ ಬರಲಿಕ್ಕ ಕನಿಷ್ಠ 1 ಮಿಲಿಸೆಕೆಂಡ್. ಇದು ನೇರ ಫೈಬರ್ ಇದ್ರ ಮಾತು. ನಾವು ತಗೊಂಡ ಇಂಟರ್ನೆಟ್ ಪ್ಯಾಕೆಟ್ ಹೈದರಾಬಾದ್ ಸುತ್ತಿ ಬರ್ತದೋ ಬೆಂಗಳೂರು ಸುತ್ತಿ ಬರ್ತದೋ, ಬೆಂಗಳೂರಾದ್ರ ಬೆಳಕಿನ ವೇಗದಾಗೇ 10 ಮಿಲಿಸೆಕೆಂಡ್ ದಾಟ್ತದ. ಒಂದೊಂದು ಬರಹಕ್ಕೂ ಅಷ್ಟು ಕಾಯೋದು, ಲೈನ್ ಕಡದ್ರ ಎರಡೂ ಊರಿನ ಕೆಲಸ ನಿಲ್ಲೋದು ಯಾರಿಗೂ ಬ್ಯಾಡ. ಬೀದರಿಗೆ ಅಸಿಂಕ್ ಸಾಕು, ದಿನಕ್ಕ ಒಮ್ಮೆ.

ಎರಡನೇದು ಇದಕ್ಕಿಂತ ಮುಖ್ಯ. ಮೂರು ಪ್ರತಿ ಇದ್ರೂ, 2+2 ಇದ್ರೂ ಅದು ಬ್ಯಾಕಪ್ ಅಲ್ಲ. ಒಬ್ಬ ವಿದ್ಯಾರ್ಥಿ ತಪ್ಪಿ ಫೋಲ್ಡರ್ ಅಳಿಸಿದ್ರ ಎಲ್ಲಾ ಪ್ರತಿಯೊಳಗೂ ಅದೇ ಕ್ಷಣಕ್ಕ ಅಳೀತದ. ಕೋಡ್ ಇಡೋ ಇನ್ನೊಂದು ತಾಣ ಗಿಟ್‌ಲ್ಯಾಬಿನಾಗ 2017ರ ಜನವರಿ 31ಕ್ಕ ರೆಪ್ಲಿಕೇಶನ್ ಸರಿ ಮಾಡ್ಲಿಕ್ಕ ಕುಂತ ಇಂಜಿನಿಯರ್ ಒಬ್ಬರು ದ್ವಿತೀಯ ಸರ್ವರ್ ಅಂತ ತಿಳದು ಮುಖ್ಯ ಸರ್ವರಿನಾಗ ಡೇಟಾಬೇಸ್ ಫೋಲ್ಡರ್ ಅಳಿಸಿದ್ರು, ಸುಮಾರು 300 ಜಿಬಿ. ಬ್ಯಾಕಪ್ಪಿನ ಹಲವು ವ್ಯವಸ್ಥಾ ಇದ್ವು, ನೋಡಿದ್ರ ಸರಿಯಾಗಿ ನಡಿಯೋದು ಯಾವುದೂ ಇರಲಿಲ್ಲ. ಅದೃಷ್ಟಕ್ಕ ಆರು ತಾಸು ಹಿಂದಿನ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ನಕಲು) ಸಿಕ್ತು, ಆ ಆರು ತಾಸಿನ ಡೇಟಾ ಹೋಯ್ತು. ಅವರು ಎಲ್ಲಾ ಬಯಲಿಗೆ ಬರದಿಟ್ಟದ್ದರಿಂದ ನಾವೆಲ್ಲ ಕಲೀಲಿಕ್ಕ ಆಯ್ತು, ಅದಕ್ಕ ನಾನು ಅವರನ್ನ ಭಾಳ ಗೌರವಿಸ್ತೀನಿ.

ಅದಕ್ಕ ಬೀದರಿನ ಪ್ರತಿ ಬ್ಯಾರೆ ತಂತ್ರಾಂಶದಾಗ, ಬ್ಯಾರೆ ಪಾಸ್‌ವರ್ಡಿನಾಗ ಇರ್ಲಿ. ಕಲಬುರಗಿ ಕ್ಲಸ್ಟರಿನ ಅಡ್ಮಿನ್ ಖಾತಿಯಿಂದ ಅದನ್ನ ಅಳಿಸಲಿಕ್ಕ ಬರಬಾರದು. ಇಲ್ಲಿಂದ ನಾವೇ ಬಂದು ಎಳಕೊಂಡು ಹೋಗ್ತೀವಿ, ನೀವು ತಳ್ಳೋದು ಬ್ಯಾಡ. ರೆಸ್ಟಿಕ್ ಅನ್ನೋ ಬ್ಯಾಕಪ್ ತಂತ್ರಾಂಶ ಆಗಬಹುದು, ಇಲ್ಲಾ ಸ್ನ್ಯಾಪ್‌ಶಾಟ್ ಇಡೋ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್ ಮ್ಯಾಲ ಫೈಲು ನಕಲು ಮಾಡೋ ಆರ್‌ಸಿಂಕ್ ಆಗಬಹುದು.

ಈಗ ಲೆಕ್ಕ. 20 ಟಿಬಿ ಫೋಟೋನ 100 ಎಂಬಿಪಿಎಸ್ ಲೈನಿನಾಗ ಕಳಿಸಿದ್ರ ಹಗಲು ರಾತ್ರಿ ನಡದ್ರೂ 18 ದಿನ ದಾಟ್ತದ, ಅಷ್ಟು ದಿನ ಕಾಲೇಜಿನ ಇಂಟರ್ನೆಟ್ ಬ್ಯಾರೆ ಯಾರಿಗೂ ಸಿಗಂಗಿಲ್ಲ. ಮೊದಲ ಸಲ ಡಿಸ್ಕಿನಾಗ ತುಂಬಿ ರೈಲಿನಾಗ ತರ್ರಿ. 2017ರಾಗ ಬೀದರ ಕಲಬುರಗಿ ಲೈನ್ ಶುರುವಾದ ಮ್ಯಾಲ ಇದು ಸುಲಭ ಆಗ್ಯದ. ಡಿಸ್ಕು ಎನ್‌ಕ್ರಿಪ್ಟ್ ಮಾಡೇ ತರ್ರಿ, ಅದರಾಗ ರೈತರ ಹೆಸರು, ಹೊಲದ ಜಾಗ ಎಲ್ಲಾ ಅವ. ಒಂದೊಂದು ಫೈಲಿನ ಶಾ-256 ಮೊತ್ತ (ಫೈಲು ಬದಲಾದ್ರ ತಾನೂ ಬದಲಾಗೋ ಗುರುತು) ಮೊದಲೇ ತಗದು ಬ್ಯಾರೆ ಇಡ್ರಿ, ಇಲ್ಲಿ ಇಳಿಸಿದ ಮ್ಯಾಲ ಹೋಲಿಸಿ ನೋಡೋಣ. ಆಮ್ಯಾಲ ದಿನಾ ಹೊಸದಾಗಿ ಬರೋದು ಹಂಗಾಮಿನಾಗ 100 ಜಿಬಿ ಇದ್ರೂ ಎರಡೂವರೆ ತಾಸಿನಾಗ ಮುಗೀತದ, ರಾತ್ರಿ ಯಾರೂ ಇಲ್ಲದಾಗ ಹಚ್ಚಬಹುದು.

ಸ್ಕ್ರ್ಯಾಚ್ ಬೀದರಿಗೆ ಬರೋದು ಬ್ಯಾಡ. ಅದನ್ನ ತಯಾರಿಸೋ ಪ್ರೋಗ್ರಾಂ ಮತ್ತ ಅದರ ಸೆಟ್ಟಿಂಗ್ ಫೈಲು ಬಂದ್ರ ಸಾಕು.

ಯಾದಗಿರಿ_ಬೆಟ್ಟ

ಪೋಸ್ಟ್‌ಗ್ರೆಸ್ ಬಗ್ಗೆ ಯಾರೂ ಹೇಳಲಿಲ್ಲ. 300 ಜಿಬಿ ಅಷ್ಟೇ ಆದರೂ ನಿಮ್ಮ 20 ಟಿಬಿಗೆ ಅರ್ಥ ಕೊಡುವುದು ಅದೇ. ಯಾವ ಹೊಲದ್ದೆಂದು ತಿಳಿಯದ ಫೋಟೋದಿಂದ ಏನೂ ಕಲಿಯಲಾಗದು. ಅದನ್ನು ಸೆಫ್ ಮೇಲೆ ಇಡಬೇಡಿ, ಮೂರು ನೋಡಿನ ಸ್ಥಳೀಯ ಎಸ್‌ಎಸ್‌ಡಿಯಲ್ಲಿ ಇಟ್ಟು ಪೋಸ್ಟ್‌ಗ್ರೆಸ್‌ನದೇ ಸ್ಟ್ರೀಮಿಂಗ್ ರೆಪ್ಲಿಕೇಶನ್ ಬಳಸಿ. ಒಂದು ಮುಖ್ಯ, ಎರಡು ಸ್ಟ್ಯಾಂಡ್‌ಬೈ (ಮುಖ್ಯದ್ದರ ನಕಲು ಹಿಡಿದು ಕಾಯುವವು). ಒಂದೇ ಸ್ಟ್ಯಾಂಡ್‌ಬೈಯನ್ನು ಸಿಂಕ್ ಎಂದು ಹೆಸರಿಸಿದರೆ ಅದು ಆರಿದ ಕೂಡಲೇ ಮುಖ್ಯದ್ದರಲ್ಲಿ ಪ್ರತಿ ಕಮಿಟ್ ಕಾಯುತ್ತಾ ನಿಲ್ಲುತ್ತದೆ. 2017ರ ಆವೃತ್ತಿ 10ರಿಂದ ಎರಡರಲ್ಲಿ ಯಾವುದಾದರೂ ಒಂದು ಒಪ್ಪಿದರೆ ಸಾಕು ಎಂದು ಬರೆಯಬಹುದು, ಹಾಗೆ ಬರೆಯಿರಿ. ಡೇಟಾಬೇಸಿನ ಪೂರ್ತಿ ಪ್ರತಿಯ ಜೊತೆ ಡಬ್ಲ್ಯೂಎಎಲ್ (ಪ್ರತಿ ಬದಲಾವಣೆ ಮೊದಲು ದಾಖಲಾಗುವ ಲಾಗ್) ಫೈಲ್‌ಗಳೂ ಬೀದರಿಗೆ ಹೋಗುತ್ತಿದ್ದರೆ, ಯಾರೋ ತಪ್ಪಿ ಟೇಬಲ್ ಅಳಿಸಿದರೂ ಅಳಿಸುವ ಹಿಂದಿನ ನಿಮಿಷಕ್ಕೆ ಹಿಂತಿರುಗಬಹುದು.

ಕ್ಲಸ್ಟರ್_ಕಲಬುರಗಿ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಶರಣಾರ್ಥಿ. ವಿಭಾಗದೊಳಗ ಮಾತಾಡಿದೆ. ಎರಡನೇ ರ‍್ಯಾಕಿಗೆ ಆಫೀಸ್ ಯುಪಿಎಸ್ಸಿನಿಂದ ಲೈನ್ ಎಳಿಸಲಿಕ್ಕ ಒಪ್ಯಾರ. ಹೊಸ ಡಿಸ್ಕ್ ಕೇಳದೇ ಇದ್ದದ್ದಕ್ಕ ಅವರಿಗೂ ಸಮಾಧಾನ. ಫೋಟೋ 2+2, ಸ್ಕ್ರ್ಯಾಚ್ 4+2, ಹೋಮ್ ರೆಪ್ಲಿಕಾ 3, ಪೋಸ್ಟ್‌ಗ್ರೆಸ್ ಬ್ಯಾರೆ, ಬೀದರಿಗೆ ದಿನಾ ರಾತ್ರಿ. ಸೆಫ್ ಮಾನಿಟರ್ (ಯಾವ ನೋಡು ಬದುಕ್ಯಾವ ಅಂತ ಬಹುಮತದಿಂದ ನಿರ್ಧರಿಸೋ ಪ್ರೋಗ್ರಾಂ) ಮೂರು ಹಾಕ್ತೀನಿ, ಮೊದಲ ರ‍್ಯಾಕಿನಾಗ ಎರಡು, ಎರಡನೇದರಾಗ ಒಂದು. ಸರಿ ಏನ್ರಿ?

ಭೀಮಾ_ದಂಡಿ

ಮಾನಿಟರ್ ಹಂಗ ಬ್ಯಾಡ. ಮೊದಲ ರ‍್ಯಾಕಿನ ಯುಪಿಎಸ್ ಹೋದ್ರ ಮೂರರಾಗ ಎರಡು ಹೋಗ್ತಾವ, ಬಹುಮತ ಇಲ್ಲ, ಇಡೀ ಸೆಫ್ ನಿಲ್ತದ. ರ‍್ಯಾಕಿಗೊಂದು ಇಟ್ಟು, ಮೂರನೇದನ್ನ ಎರಡೂ ಯುಪಿಎಸ್ಸಿನ ಹೊರಗ, ಲೈಬ್ರರಿಯೊಳಗೋ ಬ್ಯಾರೆ ಕಟ್ಟಡದಾಗೋ ಒಂದು ಸಾದಾ ಪಿಸಿಯ ಮ್ಯಾಲ ಇಡ್ರಿ, ಅದಕ್ಕೊಂದು ಸಣ್ಣ ಯುಪಿಎಸ್ ಸಾಕು. ಆ ಪಿಸಿಯೊಳಗ ಡೇಟಾ ಏನೂ ಇರಬೇಕಿಲ್ಲ, ಎಸ್‌ಎಸ್‌ಡಿ ಒಂದಿರ್ಲಿ. ಪೋಸ್ಟ್‌ಗ್ರೆಸ್‌ನ ಮೂರು ನೋಡನ್ನೂ ಒಂದೇ ರ‍್ಯಾಕಿನಾಗ ಹಾಕಬ್ಯಾಡ್ರಿ. ಇನ್ನ ನಡುವಿನ ಆ ಒಂದು ಸ್ವಿಚ್ ಯಾವ ಯುಪಿಎಸ್ ಮ್ಯಾಲ ಇರ್ತದ ನೋಡ್ರಿ. ಎರಡು ಪವರ್ ಸಪ್ಲೈ ಇದ್ದದ್ದಾದ್ರ ಒಂದೊಂದನ್ನ ಒಂದೊಂದು ಯುಪಿಎಸ್ಸಿಗೆ ಹಚ್ರಿ. ಮುಂದಿನ ವರ್ಷ ರೊಕ್ಕ ಬಂದ್ರ ಡಿಸ್ಕಿಗಿಂತ ಮೊದಲು ಎರಡನೇ ಸ್ವಿಚ್ ತಗೋರಿ.

ಶಹಾಬಾದ_ಕಲ್ಲು

ಯುಪಿಎಸ್ ಬದಲಿಸೋ ದಿನ ನೋಡು ಆರಿಸೋ ಮೊದಲು ನೋಔಟ್ ಫ್ಲ್ಯಾಗ್ (ಆರಿದ ನೋಡನ್ನ ಹೊರಗ ಹಾಕಬ್ಯಾಡ ಅನ್ನೋ ಸೂಚನಾ) ಹಾಕ್ರಿ, ಎಲ್ಲಾ ಎದ್ದ ಮ್ಯಾಲ ತಗೀಲಿಕ್ಕ ಮರೀಬ್ಯಾಡ್ರಿ. ಅದು ಹಂಗೇ ಉಳದ್ರ ಮುಂದ ಖರೇನೇ ಡಿಸ್ಕ್ ಕೆಟ್ಟಾಗ ಸೆಫ್ ಮರುಕಟ್ಟೋದೇ ಇಲ್ಲ.

ಬೀದರ_ಕೋಟೆ

ನಮ್ಮ ಕಡಿ ಜಾಗ ತಯಾರು ಮಾಡ್ತೀನಿ. ಡಿಸ್ಕು ತಂದು ಇಳಿಸಿದ ದಿನವೇ ಒಂದು ಹೊಲದ ಫೋಟೋ ಮತ್ತ ಡೇಟಾಬೇಸಿನ ಪೂರ್ತಿ ಪ್ರತಿ ಖಾಲಿ ಯಂತ್ರದಾಗ ಎತ್ತಿ ತೋರಸ್ತೀನಿ, ನೀವು ಎದುರಿಗೆ ಇರ್ರಿ. ಆಮ್ಯಾಲ ಪ್ರತಿ ಹಂಗಾಮು ಮುಗಿದಾಗ ಒಮ್ಮೆ ಹಂಗೇ ಎತ್ತಿ ನೋಡೋಣ. ಎನ್‌ಕ್ರಿಪ್ಶನ್ ಕೀಲಿ ಮಾತ್ರ ಡಿಸ್ಕಿನ ಜೋಡಿ ಅದೇ ಬ್ಯಾಗಿನಾಗ ತರಬ್ಯಾಡ್ರಿ.